ಈಸೂರಿನವರು ಪ್ರತಿನಿಧಿಯನ್ನೇಕೆ ನೇಮಿಸಲಿಲ್ಲ?



ಆಶಯ ಭಾಷಣಕಾರ ವಿಷಯದ ಹರಹನ್ನೆಲ್ಲ ತೋರಿಸಬೇಕು ಎನ್ನುತ್ತಾರೆ. ಮೈಸೂರು ಸಂಸ್ಥಾನದ ಬಗ್ಗೆ ಬರೆದ ಜೇಮ್ಸ್ ಮೇನರ್, ಬ್ಯೋರ್ನ್ ಹೆಟ್ನೆ, ಜಾನಕಿ ನಾಯರ್ ಇವರನ್ನೆಲ್ಲ ನನಗಿಂತ ಚೆನ್ನಾಗಿ ಓದಿಕೊಂಡವರು ಎರಡನೇ ಗೋಷ್ಠಿಯಲ್ಲಿದ್ದಾರೆ. ನ್ಯಾಯವಿಧಾಯಕ ಸಭೆಯ ಮೇಲೆ ಪ್ರಬಂಧ ಬರೆದ ಮೇಡಂ ಮೂರನೇ ಸಾಲಿನಲ್ಲಿ ನಗುತ್ತಿದ್ದಾರೆ. ನಾನು ಯಾವ ಹಳೇ ಜಗಳ ತೆಗೆಯುತ್ತೇನೆಂದು ಅವರಿಗೆ ಗೊತ್ತು. ಹರಹು ಅವರ ಪಾಲಿಗಿರಲಿ, ಜಗಳ ನನಗಿರಲಿ.

ನಮ್ಮ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು 1881ರಲ್ಲಿ. ಆಗಸ್ಟಿನಲ್ಲಿ ಆಜ್ಞೆ ಹೊರಟಿತು, ದಸರಾ ಹೊತ್ತಿಗೆ 144 ಸದಸ್ಯರು ಮೈಸೂರಿನಲ್ಲಿ ಸೇರಿದರು, ದಿವಾನ್ ರಂಗಾಚಾರ್ಲು ಆ ಸದಸ್ಯರ ಮುಂದೆ ರಾಜ್ಯದ ಲೆಕ್ಕಪತ್ರ ಓದಿದರು. ಸದಸ್ಯರನ್ನು ಆರಿಸುವ ಪದ್ಧತಿ ಬಂದದ್ದು 1891ರಲ್ಲಿ. 1907ರಲ್ಲಿ ನ್ಯಾಯವಿಧಾಯಕ ಸಭೆ ಸೇರಿಕೊಂಡಿತು. 1923ರಲ್ಲಿ ಎರಡಕ್ಕೂ ಹೊಸ ಕಾನೂನು ಬಂತು, ಬಜೆಟ್ಟಿನ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ನ್ಯಾಯವಿಧಾಯಕ ಸಭೆಗೆ ಸಿಕ್ಕಿತು. ಇಷ್ಟು ಇಟ್ಟುಕೊಂಡು ನಮ್ಮ ಇತಿಹಾಸಕಾರರು ಎರಡು ಪಕ್ಷವಾಗಿದ್ದಾರೆ. ಒಂದು ಪಕ್ಷಕ್ಕೆ ಇದು ಭಾರತದ ಪ್ರಜಾಪ್ರಭುತ್ವದ ತೊಟ್ಟಿಲು. ಇನ್ನೊಂದಕ್ಕೆ ದಸರಾ ದರ್ಬಾರಿನ ಅಲಂಕಾರ. ಇಬ್ಬರೂ ಓದುವುದು ಮಾತ್ರ ದಿವಾನರ ಭಾಷಣವನ್ನೇ. ದಾರಿ ತಪ್ಪಿದ್ದು ಅಲ್ಲಿ ಎಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಸದಸ್ಯ ಊರಿಗೆ ವಾಪಸು ಬಂದಮೇಲೆ ಏನಾಯಿತು ಎಂದು ಕೇಳಿದವರು ಕಡಿಮೆ.

ಇದೇ ಶಿವಮೊಗ್ಗದ ಒಂದು ಹಳೇ ಮನೆಗೆ ಹೋಗಿದ್ದೆ. ಆ ಮನೆಯ ಮುತ್ತಜ್ಜ ಸಭೆಯ ಸದಸ್ಯರಾಗಿದ್ದರಂತೆ. ಮನೆಯವರು ಟ್ರಂಕು ತೆಗೆದು, ಹಳೇ ಧೋತ್ರದಲ್ಲಿ ಸುತ್ತಿಟ್ಟ ಜರಿಪೇಟ ತೋರಿಸಿದರು. ಜರಿ ಕಪ್ಪಾಗಿತ್ತು, ಮಡಿಕೆಯಲ್ಲಿ ಬಟ್ಟೆ ಬಿರುಕು ಬಿಟ್ಟಿತ್ತು, ನುಸಿಗುಳಿಗೆ ವಾಸನೆ. ದರ್ಬಾರಿಗೆ ಉಟ್ಟದ್ದೇನು, ಯಾವ ಛತ್ರದಲ್ಲಿ ಇಳಿದದ್ದು, ಬರುವಾಗ ಹೆಂಗಸರಿಗೆ ಯಾವ ಸೀರೆ ತಂದದ್ದು, ಎಲ್ಲವೂ ಬಾಯಿಪಾಠ. ‘ಸಭೇಲಿ ಏನು ಕೇಳಿದರು?’ ಎಂದೆ. ಯಜಮಾನರು ಮಡದಿಯ ಮುಖ ನೋಡಿದರು, ಮಡದಿ ಒಳಗೆ ಹೋಗಿ ಕಾಫಿ ತಂದರು. ಕಾಫಿ ಚೆನ್ನಾಗಿತ್ತು.

ಮತ ಯಾರಿಗಿತ್ತು ಎಂಬುದನ್ನೂ ನಮ್ಮ ನೆಲದಲ್ಲಿ ನಿಂತು ನೋಡಬೇಕು. ಕಟ್ಟುವ ಕಂದಾಯದ ಮೇಲೆ ಮತದ ಹಕ್ಕು ಎಂದು ಬೆಂಗಳೂರಿನಲ್ಲಿ ಬರೆದುಬಿಡಬಹುದು. ಸಾಗರ, ಸೊರಬದ ಕಡೆ ಉಳುವವನು ಕೊಡುತ್ತಿದ್ದದ್ದು ಗೇಣಿ. ಕಂದಾಯದ ರಸೀದಿ ಜಮೀನಿನ ಒಡೆಯರ ಹೆಸರಿನಲ್ಲಿ. ಗದ್ದೆಗೆ ಇಳಿದವನು ಮತದಾರರ ಪಟ್ಟಿಯ ಆಚೆಗೇ ಉಳಿದ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತಾಗ ಅವರ ಬೆನ್ನ ಹಿಂದೆ ಸುಮಾರು ಎಪ್ಪತ್ತು ವರ್ಷದ ಸಭೆಯ ಇತಿಹಾಸವಿತ್ತು. ಅದರಲ್ಲಿ ಅವರ ದನಿ ಎಷ್ಟಿತ್ತು?

ಭದ್ರಾವತಿಯದು ಇನ್ನೂ ವಿಚಿತ್ರ. ಆಗ ಬೆಂಕಿಪುರ ಎನಿಸಿಕೊಂಡಿದ್ದ ಆ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಬೆಲೆ ಇಳಿದಿತ್ತು. ಖಜಾನೆಯ ಹಣ ಹೋಯಿತು ಎಂಬ ಟೀಕೆ ಜೋರಾಯಿತು, ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕೂತರು. ಆ ನಷ್ಟದ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು, ಅದಿರು ಕೆಮ್ಮಣ್ಣುಗುಂಡಿಯಿಂದ ಇಳಿಯಬೇಕು. ಕಡಿದವರು, ಹೊತ್ತವರು, ಜ್ವರದಲ್ಲಿ ಮಲಗಿದವರು ಕಂದಾಯ ಕಟ್ಟುವವರಲ್ಲ. ಅವರ ಪರವಾಗಿ ಎದ್ದು ನಿಲ್ಲಬೇಕಾದವರು ಯಾರು? ಮುಚ್ಚುವ ಮಾತು ಬಂದಾಗಲೆಲ್ಲ ಆ ಕಾರ್ಖಾನೆಯ, ಅಂದರೆ ವಿಐಎಸ್‌ಎಲ್‌ನ, ಗೇಟಿನ ಮುಂದೆ ಕೂರುವವರ ಅಜ್ಜಂದಿರ ಬಗ್ಗೆ ಹೇಳುತ್ತಿದ್ದೇನೆ.

ಈಗ ನನ್ನ ಪ್ರಶ್ನೆ. ಇದನ್ನು ಮೊದಲೇ ಕೇಳಿದವರು ದಯಮಾಡಿ ಸಹಿಸಿಕೊಳ್ಳಿ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನದೇ ಸರ್ಕಾರ ಮಾಡಿಕೊಂಡಿತು. ಊರವರು ಸರ್ಕಾರಿ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಇಬ್ಬರು ಹುಡುಗರನ್ನು ಆರಿಸಿ ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರ್ ಮಾಡಿದರು. ಮುಂದಿನದು ನಿಮಗೆ ಗೊತ್ತು: ಘರ್ಷಣೆಯಲ್ಲಿ ನಿಜವಾದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು, 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಆ ಬಲಿದಾನದ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ನನ್ನನ್ನು ಬಿಡದೆ ಕಾಡುವುದು ಆ ನೇಮಕ. ಸಭೆ ಹುಟ್ಟಿ 61 ವರ್ಷವಾಗಿತ್ತು. ಸ್ವಂತ ಸರ್ಕಾರ ಕಟ್ಟಲು ಹೊರಟ ಊರಿಗೆ ಅಮಲ್ದಾರ ಬೇಕೆನಿಸಿತು, ಪೊಲೀಸು ಬೇಕೆನಿಸಿತು. ಒಬ್ಬ ಪ್ರತಿನಿಧಿ ಬೇಕೆನಿಸಲಿಲ್ಲವಲ್ಲ, ಏಕೆ?

ಹಿರಿಯ ಮಿತ್ರರೊಬ್ಬರು ಇಲ್ಲೇ ಇದ್ದಾರೆ, ಊರೇ ಸಭೆಯಾಗಿದ್ದಾಗ ಪ್ರತಿನಿಧಿ ಯಾಕಯ್ಯಾ ಎಂದು ನನ್ನನ್ನು ಗದರಿಸಿದ್ದರು. ಒಳ್ಳೆಯ ಉತ್ತರ, ನಾನು ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ 1952ರ ಚುನಾವಣೆ ಅಡ್ಡ ಬರುತ್ತದೆ. ಹತ್ತೇ ವರ್ಷದಲ್ಲಿ ಇದೇ ಜಿಲ್ಲೆಯ ಸಾಗರ–ಹೊಸನಗರದ ಜನ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ನಮ್ಮವನು ಎಂದು ವಿಧಾನಸಭೆಗೆ ಆರಿಸಿ ಕಳಿಸಿದರು. ಎಲ್ಲರಿಗೂ ಮತ ಬಂದದ್ದೊಂದೇ ಕಾರಣವೇ? ಕಾಗೋಡು ಕಲಿಸಿತೇ? ಅಥವಾ ಪೇಟ ಸುತ್ತಿಕೊಂಡು ಮೈಸೂರಿಗೆ ಹೋಗಿಬಂದವರೂ, ನಮಗೆ ಕಾಣದ ಹಾಗೆ, ಏನನ್ನೋ ಬಿತ್ತಿದ್ದರೇ? ಈ ಮೂರನೆಯದನ್ನು ತಳ್ಳಿಹಾಕಲು ನನಗೆ ಧೈರ್ಯ ಸಾಲದು.

ಸಂಯೋಜಕರು ಚೀಟಿ ಕಳಿಸಿದ್ದಾರೆ, ಚಹಾ ಆರುತ್ತಿದೆಯಂತೆ. ಸಂಶೋಧನೆಗೆ ವಿಷಯ ಹುಡುಕುತ್ತಿರುವವರು ಸಭೆಯ ನಡಾವಳಿ ಸಂಪುಟಗಳಲ್ಲಿ ನಿಮ್ಮ ನಿಮ್ಮ ತಾಲ್ಲೂಕಿನ ಸದಸ್ಯ ಎತ್ತಿದ ಒಂದೇ ಒಂದು ವಿಷಯ ಹಿಡಿಯಿರಿ: ಒಂದು ಕೆರೆ, ಒಂದು ರಸ್ತೆ, ಒಂದು ಆಸ್ಪತ್ರೆ. ದಿವಾನರ ಉತ್ತರ ಓದಿ ನಿಲ್ಲಬೇಡಿ. ಆ ಕೆರೆ ಎಲ್ಲಿದೆಯೋ ಅಲ್ಲಿಗೆ ಹೋಗಿ, ಹೂಳು ಯಾವಾಗ ತೆಗೆದರು, ಯಾರು ತೆಗೆಸಿದರು ಎಂದು ಊರವರನ್ನು ಕೇಳಿ ಬನ್ನಿ. ಶಿಕಾರಿಪುರದ ಕಡೆಯವರು ಯಾರಾದರೂ ಇದ್ದರೆ ಊಟದ ಹೊತ್ತಿಗೆ ನನಗೆ ಸಿಗಿ.