ಹಳೆಯ ಕಾರು, ಹೊಸ ಬಂಪರು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಶಿಗ್ಗಾಂವದ ನಮ್ಮ ಮನೆಯ ಅಂಬಾಸಿಡರಿನ ಬಂಪರು ತುಕ್ಕು ಹಿಡಿದು ಸವೆದಾಗ, ಬೇರೆಯವರು ತಯಾರಿಸಿದ್ದನ್ನೇ ತರಿಸಬೇಕಾಯಿತು.

ಮಿಸ್ತ್ರಿ ಅದಕ್ಕೆ ಕೂಡಲೇ ಬಣ್ಣ ಬಳಿಯಲಿಲ್ಲ. ಮೊದಲು ಕಾರಿಗೆ ಹಿಡಿದು ನೋಡಿದರು, ತೂತುಗಳು ಹೊಂದಲಿಲ್ಲ. ಅರದಿಂದ ಉಜ್ಜಿ ಹಿಗ್ಗಿಸಿ, ಎರಡೂ ಬದಿಯ ಅಂತರವನ್ನು ಅಳೆದು, ಪುನಃ ಬಿಚ್ಚಿದರು. ಬಣ್ಣ ಬಳಿದ ಮೇಲೆ ಅರ ಆಡಿಸಿದರೆ, ಬರಿದಾದ ಅಂಚಿನಿಂದಲೇ ತುಕ್ಕು ಆರಂಭವಾಗುತ್ತದೆ. ಬಳಿಕ ಮರಳುಕಾಗದದಿಂದ ತಿಕ್ಕಿ, ಕೆಸರು ನಿಲ್ಲುವ ಒಳಮೈಗೂ ಪ್ರೈಮರ್ ಕೊಟ್ಟು, ಬೂದುಬಣ್ಣ ಹೊಡೆದರು.

ಮೂಲದ ಕ್ರೋಮ್ ಹೊಳಪು ಇಲ್ಲವಲ್ಲ ಎಂದವರುಂಟು. ಹಳಗನ್ನಡ ಕಾವ್ಯದ ತ್ರುಟಿತ ಭಾಗವನ್ನು ತುಂಬುವ ಸಂಪಾದಕನು ತಾನು ಸೇರಿಸಿದ್ದನ್ನು ಕಂಸದಲ್ಲಿಡುತ್ತಾನೆ, ಮೂಲವೆಂದು ನಂಬಿಸುವುದಿಲ್ಲ. ಹೊಳಪನ್ನು ನಟಿಸದ ಈ ಬೂದುಬಣ್ಣವೂ ನನಗೆ ಅಂಥ ಕಂಸದಂತೆಯೇ ಕಾಣುತ್ತದೆ.