ಕೊಲೆಯ ಹಿಂದಿನ ಯುದ್ಧ

ಪತ್ತೇದಾರಿ ಕಥೆಯ ಬುಡದಲ್ಲಿ ಒಂದು ನಂಬಿಕೆಯಿದೆ. ಲೋಕ ಮೂಲತಃ ಸುವ್ಯವಸ್ಥಿತವಾದುದು. ಕೊಲೆಯೊಂದು ಬಂದು ಅದನ್ನು ಕದಡುತ್ತದೆ. ಬುದ್ಧಿಶಾಲಿಯೊಬ್ಬ ಕುರುಹುಗಳನ್ನು ಜೋಡಿಸಿ ಅಪರಾಧಿಯ ಕಡೆಗೆ ಬೆರಳು ತೋರಿಸುತ್ತಾನೆ. ಕದಡಿದ ನೀರು ಮತ್ತೆ ತಿಳಿಯಾಗುತ್ತದೆ. ಇಂಗ್ಲೆಂಡಿನ ಹಳ್ಳಿಯ ಬಂಗಲೆಗಳಲ್ಲಿ ಹುಟ್ಟಿದ ಕಥೆಗಳೆಲ್ಲ ಹೆಚ್ಚುಕಡಿಮೆ ಈ ನಂಬಿಕೆಯ ಮೇಲೆ ನಿಂತವು. ಆದರೆ ಆ ವ್ಯವಸ್ಥೆಯೇ ಒಂದು ಹಳೆಯ ಅಪರಾಧದ ಮೇಲೆ ಕಟ್ಟಿದ್ದಾದರೆ? ಇಂದು ಕೊಲೆಯಾಗಿ ಬಿದ್ದವನೇ ನಿನ್ನೆಯ ಪಾತಕಿಯಾಗಿದ್ದರೆ? ಆಗ ಪತ್ತೇದಾರನ ಗತಿಯೇನು? ಈ ಪ್ರಶ್ನೆಗಳನ್ನು ಬಿಡದೆ ಕೇಳುತ್ತ ಬಂದಿರುವ ಕೊರಿಯಾ ದೇಶದ ಅಪರಾಧ ಕಥನಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ಆ ದೇಶದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. 1910ರಲ್ಲಿ ಕೊರಿಯಾ ಜಪಾನಿನ ವಶವಾಯಿತು. 1945ರಲ್ಲಿ ಬಿಡುಗಡೆಯೇನೋ ದೊರೆಯಿತು. ಅದರ ಜೊತೆಯಲ್ಲೇ ವಿಭಜನೆಯೂ ಬಂದಿತು. 1950ರ ಜೂನ್ 25ರಂದು ಉತ್ತರದ ಸೇನೆ ಗಡಿ ದಾಟಿತು. ಒಂದು ವರ್ಷ ತುಂಬುವುದರೊಳಗೆ ಸೋಲ್ ನಗರ ನಾಲ್ಕು ಸಲ ಕೈ ಬದಲಾಯಿಸಿತು. ಪ್ರತಿ ಸಲ ಕೈ ಬದಲಾದಾಗಲೂ ಹಿಂದಿನವರಿಗೆ ನೆರವಾದವರಾರು ಎಂಬ ಲೆಕ್ಕಾಚಾರ ನಡೆಯುತ್ತಿತ್ತು. ಆ ಲೆಕ್ಕವನ್ನು ಒಪ್ಪಿಸುತ್ತಿದ್ದವರು ಬಹುಪಾಲು ನೆರೆಹೊರೆಯವರೇ. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿತ್ತು; ಶಾಂತಿ ಒಪ್ಪಂದ ಮಾತ್ರ ಆಗಲಿಲ್ಲ. ಯುದ್ಧ ನಿಂತಿತೇ ಹೊರತು ಮುಗಿಯಲಿಲ್ಲ. ಕೊಂದವನೂ ಸತ್ತವನ ಮಕ್ಕಳೂ ಒಂದೇ ಊರಿನ ಒಂದೇ ಬೀದಿಯಲ್ಲಿ ಬಾಳಬೇಕಾಯಿತು. ಅಂಥ ಊರಿನಲ್ಲಿ ಮೌನವೇ ಒಂದು ಬಗೆಯ ಶಾಸನ. ಪತ್ತೇದಾರನ ಕಸುಬೋ, ಮೌನವನ್ನು ಮುರಿಯುವುದು.

ಕೊರಿಯಾದಲ್ಲಿ ಪತ್ತೇದಾರಿ ಕಾದಂಬರಿಗೆ ಗಟ್ಟಿಯಾದ ನೆಲೆ ಒದಗಿಸಿದವನು ಕಿಮ್ ನೇ-ಸೊಂಗ್. ಜಪಾನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಜಪಾನೀ ಭಾಷೆಯಲ್ಲಿಯೇ ಬರೆಯತೊಡಗಿದ ಈತ, 1939ರಲ್ಲಿ 'ಮಾಇನ್' ಎಂಬ ಕಾದಂಬರಿಯನ್ನು ಕೊರಿಯನ್ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ. ಅದರ ಪತ್ತೇದಾರನ ಹೆಸರು ಯು ಬುಲ್-ಲಾನ್. ಫ್ರೆಂಚ್ ಲೇಖಕ ಮೋರಿಸ್ ಲೆಬ್ಲಾಂಕನ ಹೆಸರನ್ನೇ ಕೊರಿಯದ ನಾಲಗೆಗೆ ಒಗ್ಗಿಸಿಕೊಂಡ ನಾಮಧೇಯವಿದು. ವೇಷವೂ ತಂತ್ರವೂ ಹೊರಗಿನವು. ನೆಲದ ನೋವು ಈ ಪ್ರಕಾರದೊಳಕ್ಕೆ ಇಳಿಯಲು ಇನ್ನೂ ಒಂದು ಯುದ್ಧ ಆಗಿಹೋಗಬೇಕಿತ್ತು.

ಅದು ಇಳಿದುದು ಕಿಮ್ ಸೊಂಗ್-ಜೊಂಗ್ ಎಂಬ ಲೇಖಕನ 'ಕೊನೆಯ ಸಾಕ್ಷಿ' ಎಂಬ ಕಾದಂಬರಿಯಲ್ಲಿ. 1974ರಲ್ಲಿ 'ಹಾಂಕುಕ್ ಇಲ್ಬೊ' ಪತ್ರಿಕೆಯ ಮೂಲಕ ಬೆಳಕಿಗೆ ಬಂದ ಈ ಕೃತಿಯ ಆರಂಭ ತೀರ ಸಾಮಾನ್ಯವಾದುದು. ಹಳ್ಳಿಗಾಡಿನ ಪಟ್ಟಣವೊಂದರಲ್ಲಿ ಮದ್ಯ ತಯಾರಿಸುವ ಭಟ್ಟಿಯ ಸಾಹುಕಾರ ಯಾಂಗ್ ದಾಲ್-ಸು ಕೊಲೆಯಾಗಿದ್ದಾನೆ. ಸೋಲ್ ನಗರದಲ್ಲಿ ವಕೀಲನೊಬ್ಬನ ಕೊಲೆಯೂ ಆಗಿದೆ. ಮೇಲ್ನೋಟಕ್ಕೆ ಈ ಎರಡಕ್ಕೂ ಯಾವ ನಂಟೂ ಇಲ್ಲ. ತನಿಖೆಯ ಹೊಣೆ ಹೊತ್ತವನು ಓ ಬ್ಯೊಂಗ್-ಹೊ. ಶೆರ್ಲಾಕ್ ಹೋಮ್ಸನಂತೆ ಬೂದಿಯ ಚೂರು ನೋಡಿ ಊರು ಹೇಳುವವನಲ್ಲ ಈತ. ಬಸ್ಸು ಹತ್ತಿ ಇಳಿದು, ಕೆಸರು ತುಳಿದು, ಮುದುಕರ ಮುಂದೆ ಕುಳಿತು, ಅವರು ಬಾಯಿಬಿಡುವ ತನಕ ಕಾಯುವವನು. ಅವನ ಆಯುಧ ತರ್ಕವಲ್ಲ, ತಾಳ್ಮೆ.

ಅವನು ಕಾಯುತ್ತ ಹೋದಂತೆ ಇಪ್ಪತ್ತು ವರ್ಷಗಳ ಹಿಂದಿನ ಜಿರಿಸಾನ್ ಬೆಟ್ಟಗಳ ಕಥೆ ಬಿಚ್ಚಿಕೊಳ್ಳುತ್ತದೆ. ಯುದ್ಧಕಾಲದಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳು ಆ ಬೆಟ್ಟಗಳಲ್ಲಿ ಅಡಗಿದ್ದರು. ಅವರಲ್ಲಿ ಕೊನೆಯವರು ಸಿಕ್ಕಿಬಿದ್ದುದು 1963ರಲ್ಲಿ ಎಂಬುದು ಚರಿತ್ರೆ. ಕಾದಂಬರಿಯ ಗುಂಪಿನಲ್ಲಿ ಹ್ವಾಂಗ್ ಬಾ-ಉ ಎಂಬ ಮುಗ್ಧನಿದ್ದಾನೆ. ನಾಯಕನ ಮಗಳು ಸೊನ್ ಜಿ-ಹ್ಯೆ ಇದ್ದಾಳೆ. ತಂದೆ ಅವಳಿಗಾಗಿ ಬಿಟ್ಟುಹೋದ ಆಸ್ತಿಯಿದೆ. ಇಬ್ಬರೂ ಶರಣಾಗಿ ಬಾಳು ಹೂಡಲು ಹೊರಟಾಗ, ಊರಿನ ದಂಡಿನ ಮುಖಂಡನಾಗಿದ್ದ ಇದೇ ಯಾಂಗ್ ದಾಲ್-ಸುವಿನ ಕಣ್ಣು ಹೆಣ್ಣಿನ ಮೇಲೂ ಹೊನ್ನಿನ ಮೇಲೂ ಬೀಳುತ್ತದೆ. ಬಾ-ಉವಿನ ತಲೆಗೆ ಕೊಲೆಯ ಆರೋಪ ಕಟ್ಟಲಾಗುತ್ತದೆ. ಅವನನ್ನು ಸೆರೆಮನೆಗೆ ನೂಕಿದ ಅಂದಿನ ಸರ್ಕಾರಿ ಅಭಿಯೋಜಕನೇ ಇಂದು ಸತ್ತುಬಿದ್ದಿರುವ ವಕೀಲ. ಇಷ್ಟಕ್ಕೂ, ಬಾ-ಉ ಕೊಂದನೆಂದು ದಾಖಲೆ ಹೇಳುವ ಮನುಷ್ಯ ಸತ್ತೇ ಇರಲಿಲ್ಲ! ನಡೆಯದ ಕೊಲೆಗಾಗಿ ಒಬ್ಬ ಇಪ್ಪತ್ತು ವರ್ಷ ಕಂಬಿ ಎಣಿಸಿದ.

ಈ ಕಥೆಯ ನಿಜವಾದ ತಿರುವು ಇಲ್ಲಿದೆ. ಪತ್ತೇದಾರನು ಕೊಲೆಗಾರನನ್ನು ಹುಡುಕುತ್ತ ಹೊರಟು ಕೊಲೆಯ ಕಾರಣವನ್ನು ಮುಟ್ಟುತ್ತಾನೆ. ಆ ಕಾರಣಕ್ಕೆ ಬೇಡಿ ತೊಡಿಸುವಂತಿಲ್ಲ. ಅನ್ಯಾಯ ನಡೆದುದು ಕಾಡಿನ ಕತ್ತಲೆಯಲ್ಲಲ್ಲ; ನ್ಯಾಯಾಲಯದ ಹಗಲು ಬೆಳಕಿನಲ್ಲಿ, ಮೊಹರು ಒತ್ತಿದ ಕಾಗದದ ಮೇಲೆ. 1980ರಲ್ಲಿ ನಿರ್ದೇಶಕ ಲೀ ದೂ-ಯೊಂಗ್ ಇದನ್ನು ಚಲನಚಿತ್ರವಾಗಿಸಿದಾಗ, ಎರಡೂವರೆ ಗಂಟೆಗೂ ಮೀರಿದ್ದ ಚಿತ್ರ ಸೆನ್ಸಾರಿನ ಕತ್ತರಿಗೆ ಸಿಕ್ಕಿ ಬಹಳಷ್ಟನ್ನು ಕಳೆದುಕೊಂಡೇ ತೆರೆಗೆ ಬಂದಿತು. ಪೂರ್ಣರೂಪವನ್ನು ಜನ ನೋಡಲು ಅನೇಕ ವರ್ಷ ಕಾಯಬೇಕಾಯಿತು. ಚಿತ್ರದ ಕೊನೆಯಲ್ಲಿ ಎಲ್ಲವನ್ನೂ ತಿಳಿದುಕೊಂಡ ಪತ್ತೇದಾರ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾನೆ. ತಿಳಿವು ಇಲ್ಲಿ ಬಿಡುಗಡೆಯಲ್ಲ, ಭಾರ.

ಈ ಭಾರ ಬರಿಯ ಕಲ್ಪನೆಯದಲ್ಲ. ಬಂಧುವೊಬ್ಬ ಎಡಪಂಥದವನಾಗಿದ್ದನೆಂಬ ಕಾರಣಕ್ಕೆ ಮಕ್ಕಳಿಗೆ ಸರ್ಕಾರಿ ನೌಕರಿ ತಪ್ಪುತ್ತಿದ್ದ ಕಾಲವದು. ಬಂಧುವಿನ ತಪ್ಪಿಗೆ ಬಂಧುವನ್ನು ದಂಡಿಸಬಾರದೆಂದು ದಕ್ಷಿಣ ಕೊರಿಯಾದ ಸಂವಿಧಾನ ನುಡಿದುದು 1980ರಲ್ಲಿ. ಯುದ್ಧಕಾಲದ ನಾಗರಿಕ ಹತ್ಯೆಗಳನ್ನು ವಿಚಾರಿಸುವ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾದುದು 2005ರಲ್ಲಿ. ಕಾದಂಬರಿಯ ಪತ್ತೇದಾರ ಹಳ್ಳಿಹಳ್ಳಿ ತಿರುಗಿ ಮುದುಕರ ಸಾಕ್ಷ್ಯ ಕೇಳಿದುದು ಅದಕ್ಕೆ ಮೂವತ್ತು ವರ್ಷ ಮೊದಲು. ಸರ್ಕಾರ ಮಾಡಬೇಕಾಗಿದ್ದ ಕೆಲಸವನ್ನು ಒಬ್ಬ ಕಲ್ಪಿತ ಪೊಲೀಸನು ಮುಂಚಿತವಾಗಿಯೇ ಮಾಡಿದ್ದ. ಅಗ್ಗದ ಓದೆಂದು ಬದಿಗೆ ಸರಿಸುವ ಪ್ರಕಾರವೊಂದಕ್ಕೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು?

ಇದೇ ಲೇಖಕನ ಮತ್ತೊಂದು ಬೃಹತ್ ಕಾದಂಬರಿ 'ಮುಂಜಾವಿನ ಕಣ್ಣುಗಳು'. ಜಪಾನೀ ಸೈನ್ಯ ತನ್ನ ಸೈನಿಕರ ಭೋಗಕ್ಕೆಂದು ಎಳೆದೊಯ್ದ ಹೆಣ್ಣುಮಗಳೊಬ್ಬಳು ಅದರ ನಾಯಿಕೆ. ಅದು ದೂರದರ್ಶನದ ಧಾರಾವಾಹಿಯಾಗಿ ಬರತೊಡಗಿದುದು 1991ರ ಅಕ್ಟೋಬರಿನಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಕಿಮ್ ಹಾಕ್-ಸುನ್ ಎಂಬ ವೃದ್ಧೆ ತನಗೆ ಆದುದನ್ನು ಮೊದಲ ಬಾರಿಗೆ ಬಹಿರಂಗವಾಗಿ ನುಡಿದಿದ್ದಳು. ಕಥೆಯೂ ಸಾಕ್ಷ್ಯವೂ ಒಂದೇ ಋತುವಿನಲ್ಲಿ ಜನರ ಮನೆಯೊಳಕ್ಕೆ ಬಂದವು.

ಇನ್ನು ನಮಗೆ ತೀರ ಹತ್ತಿರದ ಸಂಗತಿಗೆ ಬರುತ್ತೇನೆ. 2000ದಲ್ಲಿ ಪಾರ್ಕ್ ಚಾನ್-ವೂಕ್ ನಿರ್ದೇಶಿಸಿದ 'ಜಂಟಿ ಭದ್ರತಾ ವಲಯ' ಎಂಬ ಚಿತ್ರವಿದೆ. ಪಾರ್ಕ್ ಸಾಂಗ್-ಯೊನ್‌ನ ಕಾದಂಬರಿ ಅದಕ್ಕೆ ಮೂಲ. ಗಡಿಯ ಕಾವಲುಮನೆಯಲ್ಲಿ ಉತ್ತರದ ಇಬ್ಬರು ಸೈನಿಕರು ಗುಂಡೇಟಿನಿಂದ ಸತ್ತಿದ್ದಾರೆ. ತನಿಖೆಗೆ ಬಂದವಳು ಸ್ವಿಟ್ಜರ್ಲೆಂಡಿನ ಸೇನಾಧಿಕಾರಿ ಸೋಫಿ. ಉತ್ತರದ ವರದಿ ಒಂದು ಹೇಳುತ್ತದೆ, ದಕ್ಷಿಣದ್ದು ಇನ್ನೊಂದು. ಈ ಎರಡು ಸುಳ್ಳುಗಳ ನಡುವೆ ಅವಳು ಕಂಡ ಸತ್ಯವೆಂದರೆ, ಶತ್ರುಗಳೆಂದು ಎದುರುಬದುರು ನಿಲ್ಲಿಸಿದ್ದ ಆ ಹುಡುಗರು ರಾತ್ರಿಯ ಹೊತ್ತು ಕದ್ದು ಕೂಡುತ್ತಿದ್ದ ಗೆಳೆಯರು. ಇಲ್ಲಿ ಮುಚ್ಚಿಡಬೇಕಾದ ಅಪರಾಧ ಕೊಲೆಯಲ್ಲ, ಸ್ನೇಹ.

ಅಷ್ಟರಲ್ಲಿ ಸೋಫಿಯ ಗುಟ್ಟೂ ಹೊರಬೀಳುತ್ತದೆ. ಅವಳ ತಂದೆ ಉತ್ತರದ ಸೇನೆಯವನು. ಯುದ್ಧಕೈದಿಯಾಗಿ, ಉತ್ತರವೂ ಬೇಡ ದಕ್ಷಿಣವೂ ಬೇಡ ಎಂದು ಮೂರನೆಯ ದೇಶವನ್ನು ಆರಿಸಿಕೊಂಡ 76 ಮಂದಿಯಲ್ಲೊಬ್ಬ. ತನಿಖೆಯಿಂದ ಅವಳನ್ನು ತೆಗೆದುಹಾಕಲು ಅಷ್ಟೇ ಸಾಕಾಗುತ್ತದೆ. ಸೋಫಿ ಕಲ್ಪಿತ ಪಾತ್ರ. ಆ ಎಪ್ಪತ್ತಾರು ಮಂದಿ ಕಲ್ಪಿತರಲ್ಲ. ತಾಯ್ನಾಡಿಗೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷ ದೇಶವಾಗಿತ್ತು. ಆ ಪೀಠದಲ್ಲಿ ಕುಳಿತವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ತಿಮ್ಮಯ್ಯನವರು. ಮುಳ್ಳುತಂತಿಯೊಳಗೆ ಕೈದಿಗಳು ಕೈದಿಗಳನ್ನೇ ಕೊಂದ ಪ್ರಕರಣಗಳು ಭಾರತೀಯ ಪಡೆಯ ಎದುರಿಗೂ ಬಂದವು. ಸಾಕ್ಷಿ ನುಡಿಯುವುದೆಂದರೆ ಅಲ್ಲಿ ಪ್ರಾಣದ ಮೇಲಿನ ಆಸೆ ಬಿಟ್ಟಂತೆ. ಕೊನೆಗೆ 1954ರ ಫೆಬ್ರುವರಿಯಲ್ಲಿ ಹನ್ನೆರಡು ಚೀನೀಯರೂ ಸೇರಿ 88 ಮಂದಿ ಹಡಗೇರಿ ಮದರಾಸಿಗೆ ಬಂದಿಳಿದರು. ಕೆಲವರು ಇಲ್ಲಿಯೇ ನಿಂತರು. ಹಲವರು ದಕ್ಷಿಣ ಅಮೆರಿಕಕ್ಕೆ ಹೋದರು. ಕೊರಿಯನ್ನರ ಮಟ್ಟಿಗೆ ಭಾರತವೆಂಬುದು, ಎರಡು ಮನೆಗಳನ್ನೂ ಕಳೆದುಕೊಂಡವನ ಮೂರನೆಯ ದಾರಿಗೆ ಹೆಸರಾಯಿತು.

ಯುದ್ಧದಂಥ ಘೋರವನ್ನು ರೋಮಾಂಚನದ ಸರಕಾಗಿ ಮಾಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಗುಂಡಿನ ಸದ್ದಿಗಾಗಿ ಮಾತ್ರ ಚರಿತ್ರೆಯನ್ನು ಎಳೆದುತಂದ ಕೃತಿಗಳು ಆ ದೇಶದಲ್ಲಿಯೂ ಉಂಟು. ಆದರೆ ನಾನು ಹೆಸರಿಸಿದ ಕೃತಿಗಳ ರೀತಿ ಬೇರೆ. ಚರಿತ್ರೆಯ ಗ್ರಂಥ ಎಷ್ಟು ಮಂದಿ ಸತ್ತರೆಂದು ಹೇಳುತ್ತದೆ. ಪತ್ತೇದಾರಿ ಕಥೆ ಒಂದು ಹೆಣದ ಮುಂದೆ ನಿಂತು, ಇವನು ಯಾರು, ಇವನಿಗೆ ಹೀಗೇಕಾಯಿತು ಎಂದು ಕೇಳುತ್ತದೆ. ಸಾವಿರಾರು ಸಾವುಗಳ ನಡುವೆ ಒಂದು ಸಾವಿಗೆ ಉತ್ತರ ಬೇಕೆಂದು ಹಟ ಹಿಡಿಯುವುದು ಸಣ್ಣ ಮಾತಲ್ಲ. ಆ ಹಟವನ್ನು ಯುದ್ಧ ಎಂದೂ ಸಹಿಸದು. 'ಯುದ್ಧವಲ್ಲವೇ, ಏನೇನೋ ಆಯಿತು' ಎಂಬ ಒಂದು ಮಾತಿನ ಮರೆಯಲ್ಲಿ ಎಷ್ಟೋ ಮಂದಿ ಯಾಂಗ್ ದಾಲ್-ಸುಗಳು ಊರ ಹಿರಿಯರಾಗಿ, ದಾನಿಗಳಾಗಿ ಬಾಳಿದ್ದಾರೆ. ಅವರ ಬಾಗಿಲನ್ನು ತಡವಾಗಿಯಾದರೂ ಯಾರಾದರೂ ತಟ್ಟಬೇಕು. ಕೊರಿಯಾದಲ್ಲಿ ಆ ಕೆಲಸಕ್ಕೆ ಮೊದಲು ಹೊರಟವರ ಸಾಲಿನಲ್ಲಿ, ಕೆಸರು ಮೆತ್ತಿದ ಬೂಟಿನ ಒಬ್ಬ ಪತ್ತೇದಾರನೂ ಇದ್ದ.