ಅಂಗನವಾಡಿಯ ಅಂಗಳದಲ್ಲಿ ಮೊದಲ ಗೆಳೆತನ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿನ್ನೆಯಿಂದ ಈ ಪೆಂಡಾಲಿನಲ್ಲಿ ಡಾಕ್ಟರಾದವರು, ಎಂಜಿನಿಯರಾದವರು, ಮಿಲಿಟರಿ ಸೇರಿದವರು, ವ್ಯವಸಾಯ ಮಾಡಿಕೊಂಡಿರುವವರು ಎಲ್ಲರೂ ಮಾತಾಡಿದ್ದಾರೆ. ಕೊನೆಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ಪಾಠ ಮರೆತಿದೆ, ಗೆಳೆಯರು ಮರೆತಿಲ್ಲ. ನಾನು 1979ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಅಂಗನವಾಡಿ ಕಾರ್ಯಕರ್ತೆಯಾಗಿ ಸೇರಿ ಮೇಲ್ವಿಚಾರಕಿಯಾಗಿ ನಿವೃತ್ತಳಾದೆ. ಆದ್ದರಿಂದ ಗೆಳೆತನದ ಮಾತನ್ನು ಇನ್ನೂ ಸ್ವಲ್ಪ ಹಿಂದಕ್ಕೆ, ಮೂರು–ನಾಲ್ಕು ವರ್ಷದ ವಯಸ್ಸಿಗೆ ತೆಗೆದುಕೊಂಡು ಹೋಗುತ್ತೇನೆ. ಹೈಸ್ಕೂಲಿನ ಹಬ್ಬದಲ್ಲಿ ಅಂಗನವಾಡಿಯ ಮಾತೇಕೆ ಎಂದು ಬೇಸರಿಸಬೇಡಿ. ಈ ಶಾಲೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತ ಮಕ್ಕಳಲ್ಲಿ ಎಷ್ಟೋ ಜನ ಹತ್ತು ವರ್ಷ ಮೊದಲೇ ನಮ್ಮ ಚಾಪೆಯ ಮೇಲೆ ಅಕ್ಕಪಕ್ಕ ಕೂತವರು.

ಈ ಶಾಲೆಗೂ ಅಂಗನವಾಡಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅದಕ್ಕೂ ಬಹಳ ಹಿಂದೆ, 1840ರಲ್ಲಿ, ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣತಜ್ಞರು ತಮ್ಮ ಚಿಕ್ಕಮಕ್ಕಳ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಿದ್ದರು. ಮಕ್ಕಳ ತೋಟ ಎಂದು ಅದರ ಅರ್ಥ. ನಮ್ಮ ಯೋಜನೆಯವರು ಅಂಗಳದ ಹೆಸರನ್ನು ಆರಿಸಿಕೊಂಡರು. ಅಂಗನ ಎಂದರೆ ಅಂಗಳ. ನನಗೆ ಈ ಹೆಸರೇ ಹೆಚ್ಚು ಇಷ್ಟ. ಅಂಗಳಕ್ಕೆ ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಕರೆಯದೆಯೇ ಬರುತ್ತಾರೆ.

ಜೂನ್ ತಿಂಗಳ ಮೊದಲ ವಾರ ನಮ್ಮಲ್ಲಿ ಅಳುವಿನದೇ ಕಾರುಬಾರು. ಒಂದು ಮಗು ಅತ್ತರೆ ಹತ್ತು ಮಕ್ಕಳು ಅಳುತ್ತವೆ. ಎರಡನೆಯ ವಾರ ಅಳು ನಿಲ್ಲುತ್ತದೆ, ಆದರೆ ಯಾರೂ ಯಾರ ಜೊತೆಗೂ ಆಡುವುದಿಲ್ಲ. ಮರಳಿನಲ್ಲಿ ಎರಡು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿರುತ್ತವೆ. ಇವಳ ಇಡ್ಲಿ ಇವಳದು, ಅವನ ಬಾವಿ ಅವನದು. ಇದನ್ನು ನೋಡಿ ಎಷ್ಟೋ ತಾಯಂದಿರು, “ನನ್ನ ಮಗ ಯಾರ ಜೊತೇನೂ ಸೇರಲ್ಲ ಟೀಚರ್” ಎಂದು ನೊಂದುಕೊಳ್ಳುತ್ತಿದ್ದರು. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬಾಕೆ 1932ರಲ್ಲೇ ಈ ಪಕ್ಕಪಕ್ಕದ ಆಟದ ಬಗ್ಗೆ ಬರೆದಿದ್ದಾರೆ. ಒಂಟಿ ಆಟ, ನಿಂತು ನೋಡುವುದು, ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ಆಡುವುದು, ಕೊನೆಗೆ ಕೂಡಿ ಆಡುವುದು ಎಂದು ಅವರು ವಿಂಗಡಿಸಿದರು. ಪಕ್ಕದಲ್ಲಿ ಕೂರುವುದೂ ಸೇರುವುದರ ಒಂದು ಬಗೆ. ಒಂದು ದಿನ ಇವಳ ಇಡ್ಲಿಗೆ ಅವನ ಬಾವಿಯ ನೀರು ಬೇಕಾಗುತ್ತದೆ. ಅಲ್ಲಿಂದ ಗೆಳೆತನ ಶುರು.

ಗೆಳೆತನ ಶುರುವಾದ ಮೇಲೆ ಇನ್ನೊಂದು ದೂರು ಬರುತ್ತದೆ: “ಅವರಿಬ್ಬರು ನನ್ನ ಸೇರಿಸ್ಕೊಳ್ತಿಲ್ಲ.” ನಾವು ಕೂಡಲೇ ಗದರಿಸುತ್ತೇವೆ, ಸೇರಿಸಿಕೊಳ್ಳಿ ಎಂದು. ಚಿಕ್ಕಮಕ್ಕಳ ನಡುವೆ ವರ್ಷಗಟ್ಟಲೆ ಕೂತು ನೋಡಿದ ಸಮಾಜಶಾಸ್ತ್ರಜ್ಞ ವಿಲಿಯಂ ಕೊರ್ಸಾರೊ ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟಿದ್ದಾರೆ. ಆ ವಯಸ್ಸಿನಲ್ಲಿ ಆಟ ಬಹಳ ಸುಲಭವಾಗಿ ಕೆಡುತ್ತದೆ. ಕಷ್ಟಪಟ್ಟು ಕಟ್ಟಿದ ಆಟ ಕೆಟ್ಟೀತು ಎಂಬ ಭಯಕ್ಕೆ ಮಕ್ಕಳು ಮೂರನೆಯವರನ್ನು ದೂರ ಇಡುತ್ತಾರಂತೆ. “ನಾನೂ ಬರಲಾ?” ಎಂದು ಕೇಳಿದ ಮಗುವಿಗೆ ಹೆಚ್ಚಾಗಿ ಸಿಗುವ ಉತ್ತರ “ಬೇಡ”. ಸ್ವಲ್ಪ ಹೊತ್ತು ನಿಂತು ನೋಡಿ, ಅವರು ಮಾಡುವುದನ್ನೇ ತಾನೂ ಮಾಡಲು ತೊಡಗಿದ ಮಗು ಸಲೀಸಾಗಿ ಒಳಗೆ ಹೋಗುತ್ತದೆ. ನಾನೂ ಇದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ದೂರು ತಂದ ಮಗುವಿನ ಕೈಗೆ ನಾಲ್ಕು ಎಲೆ ಕೊಟ್ಟು, “ಅವರ ಹೋಟೆಲ್ಲಿಗೆ ಎಲೆ ಬೇಕಂತೆ, ಕೊಟ್ಟು ಬಾ” ಎನ್ನುತ್ತಿದ್ದೆ. ಎಲೆ ತಂದವರನ್ನು ಯಾವ ಹೋಟೆಲಿನವರೂ ವಾಪಸು ಕಳಿಸಲಿಲ್ಲ.

ಜಗಳವೂ ಇರುತ್ತದೆ. ಬೆಳಿಗ್ಗೆ ಟೂ ಬಿಟ್ಟವರು ಉಪ್ಪಿಟ್ಟಿನ ಹೊತ್ತಿಗೆ ಒಂದೇ ತಟ್ಟೆಯ ಹತ್ತಿರ ಇರುತ್ತಾರೆ. ಆ ನಡುವೆ ಎರಡು ಮನೆಯ ದೊಡ್ಡವರು ಬಂದು ನಿಂತರೆ ಮಾತ್ರ ಜಗಳ ವರ್ಷಗಟ್ಟಲೆ ಉಳಿಯುತ್ತದೆ.

ಈಗ ಸ್ವಲ್ಪ ಕಷ್ಟದ ಮಾತು. ನಿಮಗೆಲ್ಲ ಗುಬ್ಬಿ ಎಂಜಲು ಗೊತ್ತು. ಒಂದೇ ಪೆಪ್ಪರ್‌ಮೆಂಟು, ಇಬ್ಬರು ಗೆಳತಿಯರು. ಲಂಗದ ಅಂಚಿನಲ್ಲಿ ಸುತ್ತಿ ಕಟಕ್ಕನೆ ಕಚ್ಚಿದರೆ ಎರಡು ಚೂರು. ಬಾಯಿ ತಾಗಲಿಲ್ಲ, ಎಂಜಲಾಗಲಿಲ್ಲ. ಎಂಜಲು ಎಂಬ ಕಟ್ಟಳೆಯನ್ನು ಮನೆಯಲ್ಲಿ ಕಲಿತ ಮಕ್ಕಳು ಅದನ್ನು ದಾಟುವ ದಾರಿಯನ್ನೂ ತಾವೇ ಕಂಡುಕೊಂಡಿರುತ್ತಾರೆ. ನಾನು ಕಾರ್ಯಕರ್ತೆಯಾಗಿದ್ದಾಗ ಬೇರೆ ಬೇರೆ ಕೇರಿಯ ಇಬ್ಬರು ಹೆಣ್ಣುಮಕ್ಕಳು ದಿನವೂ ಹೀಗೆ ಹಂಚಿಕೊಳ್ಳುತ್ತಿದ್ದರು. ಅದು ಒಬ್ಬಳ ಅಜ್ಜಿಯ ಕಣ್ಣಿಗೆ ಬಿತ್ತು. ಯಾವ ಮನೆ ಎಂದು ಹೇಳುವುದಿಲ್ಲ.

“ಟೀಚರಮ್ಮ, ನಮ್ಮ ಮಗೀನ ಆ ಕಡೆ ಮಕ್ಕಳ ಪಕ್ಕ ಕೂರಿಸಬ್ಯಾಡಿ” ಎಂದರು.

“ಇಲ್ಲಿ ಜಾಗ ಹಂಚೋದು ನಾನಲ್ಲ ಅಜ್ಜಿ. ಮಕ್ಕಳೇ ಹಂಚ್ಕೊಳ್ತಾವೆ” ಎಂದೆ.

ಮರುದಿನದಿಂದ ಆ ಮಗು ಬರಲಿಲ್ಲ. ಇನ್ನೊಬ್ಬಳು ಬಾಗಿಲ ಹತ್ತಿರ ಹೋಗಿ ಹೋಗಿ ನೋಡುತ್ತಿದ್ದಳು. ಒಂದು ವಾರ ಕಳೆದ ಮೇಲೆ ಅಜ್ಜಿಯೇ ಮಗುವಿನ ಕೈ ಹಿಡಿದು ಬಂದರು. “ಮನೇಲಿ ಅನ್ನ ಮುಟ್ಟಕ್ಕಿಲ್ಲ ಅಂತದೆ” ಎಂದಷ್ಟೇ ಹೇಳಿ ಹೊರಟುಹೋದರು. ಅಂದಿನಿಂದ ಮಗುವನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದರು, ಒಳಗೆ ಬಗ್ಗಿ ನೋಡುತ್ತಿರಲಿಲ್ಲ. ಅವರ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ. ನೋಡದೆ ಇರಲು ಒಪ್ಪಿಕೊಂಡರು. ಆ ಇಬ್ಬರು ಮಕ್ಕಳಿಗೆ ಅಷ್ಟೇ ಸಾಕಾಗಿತ್ತು.

ಚಿಕ್ಕಮಕ್ಕಳ ಗೆಳೆತನ ನಾಲ್ಕು ದಿನದ್ದು, ಮರೆತುಬಿಡುತ್ತವೆ ಎಂದು ನಾವು ಹಗುರವಾಗಿ ಹೇಳುತ್ತೇವೆ. ಇಟ್ಟಿಗೆ ಗೂಡಿನ ಕೆಲಸಕ್ಕೆ ಹೊರಗಿನಿಂದ ಬಂದ ಕುಟುಂಬದ ಒಂದು ಮಗು ಒಮ್ಮೆ ನಮ್ಮಲ್ಲಿಗೆ ಬಂತು. ಅದಕ್ಕೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟ ಹಾಡಿಗಿಂತ ಮೊದಲು ಅದು ಪಕ್ಕದ ಹುಡುಗನಿಂದ ಕಲಿತದ್ದು ಮೂರು ಮಾತು: ಬಾ, ಕೊಡು, ನಂದು. ಆಮೇಲೆ ನಾಲ್ಕನೆಯದು, ನಮ್ದು. ಬೇಸಿಗೆ ಮುಗಿದು ಗೂಡಿನ ಕೆಲಸ ನಿಂತಾಗ ಆ ಕುಟುಂಬ ಹೊರಟುಹೋಯಿತು. ನಮ್ಮೂರ ಹುಡುಗ ಬಹಳ ದಿನ ಆ ಜಾಗದಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಮರೆಯುವುದು ಅಷ್ಟು ಸುಲಭವಾಗಿದ್ದರೆ ಅವನು ಚಾಪೆಯ ಒಂದು ಮೂಲೆಗಾಗಿ ಹಾಗೆ ಹೊಡೆದಾಡುತ್ತಿರಲಿಲ್ಲ.

ಬಂಧುಗಳೇ, ಈಗ ಬೆಳಿಗ್ಗೆ ಎಂಟಕ್ಕೆ ಊರಿಗೆ ಹಳದಿ ವ್ಯಾನು ಬರುತ್ತದೆ. ಕೈಲಾದವರು ಮಕ್ಕಳನ್ನು ಪೇಟೆಯ ಎಲ್‌ಕೆಜಿಗೆ ಕಳಿಸುತ್ತಾರೆ. ಮಗು ಚೆನ್ನಾಗಿ ಕಲಿಯಲಿ ಎಂಬ ಆಸೆ ಎಲ್ಲರಿಗೂ ಇದ್ದದ್ದೇ, ನಾನು ಯಾರನ್ನೂ ದೂರುವುದಿಲ್ಲ. ಆದರೆ ಒಂದೇ ಬೀದಿಯ ಮಕ್ಕಳು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದೆ ಬೆಳೆಯುತ್ತಿದ್ದಾರೆ. ಮೊದಲು ಕೇರಿ ಬೇರೆಯಾದರೂ ಚಾಪೆ ಒಂದೇ ಇತ್ತು. ಈಗ ಚಾಪೆಯೂ ಬೇರೆಯಾಗಿದೆ. ನಾಳೆ ಇವರೇ ಊರಿನ ನೀರು, ಜಮೀನು, ಹಬ್ಬದ ಮಾತಿಗೆ ಒಂದು ಕಡೆ ಕೂರಬೇಕಾದವರು.

ಹಾಗಾಗಿ ನನ್ನ ಕೋರಿಕೆ ಮೂರು. ಸಂಜೆ ನಾಲ್ಕರ ಮೇಲೆ ಅಂಗನವಾಡಿಯ ಅಂಗಳ ಎಲ್ಲ ಮಕ್ಕಳಿಗೂ ತೆರೆದಿರಲಿ. ವ್ಯಾನಿನಿಂದ ಇಳಿದವರೂ ಬರಲಿ, ನಡೆದು ಹೋಗುವವರೂ ಬರಲಿ. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಶಾಲೆಗೆ ಕಮಾನು ಕಟ್ಟಿಸುವ ಮಾತು ಕೇಳಿದೆ. ಸಂತೋಷ. ಅದರಲ್ಲೇ ಸ್ವಲ್ಪ ಉಳಿಸಿ ಅಂಗನವಾಡಿಗೊಂದು ಬೇಲಿ, ಎರಡು ಹೊಂಗೆ ಸಸಿ, ಒಂದು ಗಾಡಿ ಮರಳು ಹಾಕಿಸಿಕೊಡಿ. ಕೊನೆಯದಕ್ಕೆ ದುಡ್ಡೇ ಬೇಕಿಲ್ಲ. ಮನೆಗೆ ಬಂದ ಮಗು, “ಇವತ್ತು ನಂಗೊಬ್ಬ ಫ್ರೆಂಡ್ ಸಿಕ್ಕಿದ” ಎಂದಾಗ, “ಯಾರ ಮನೆಯವನು?” ಎಂದು ಕೇಳಬೇಡಿ. “ಏನಾಟ ಆಡಿದ್ರಿ?” ಎಂದು ಕೇಳಿ.